ನೆರಳಿನ ಭಟ್ಟಿ

ಚಿನ್ನ ಇಲ್ಲಿ ಸಿಗುವುದಿಲ್ಲ.
ಬಾಗಿಲ ಮೇಲೆ ಮೂರು ಲಿಪಿಯಲ್ಲಿ ಬರೆದಿದ್ದೇನೆ.
ಆದರೂ ಖೋರ್ ಜುಮಾನಕ್ಕೆ ಬಂದವರೆಲ್ಲ
ಜೇಬಿನಿಂದ ತಾಮ್ರದ ಬಳೆ, ಹಳೆ ನಲ್ಲಿಯ ತಿರುಪು ತೆಗೆದು
ಮೇಜಿನ ಮೇಲಿಟ್ಟು ಹಲ್ಲು ಕಿಸಿಯುತ್ತಾರೆ.
ರಸವಾದ ಅಂದರೆ ಅಷ್ಟೇ ಗೊತ್ತು ಲೋಕಕ್ಕೆ.

ಅಂಗಡಿ ನನ್ನದು. ವಯಸ್ಸು ಇಪ್ಪತ್ಮೂರು.
ಗೋಡೆ ಹವಳದ ಕಲ್ಲಿನದು,
ಕೈಯಿಟ್ಟರೆ ಕಡಲಿನ ಉಬ್ಬರ ತಿಳಿಯುತ್ತದೆ.
ಮೂಸೆ ಎರಡು, ಒಂದು ಬಿರುಕು.
ಭಟ್ಟಿಯ ಕೊಳವೆ ಸತ್ತ ಹಡಗಿನ ಇಂಜಿನ್ನಿನದು.
ವಿದ್ಯೆ ಗಂಗೊಳ್ಳಿಯ ಅಜ್ಜಿಯದು:
ಒಣಮೀನಿನಿಂದ ವಾಸನೆ ಬೇರ್ಪಡಿಸಿ
ಸೀಸೆಯಲ್ಲಿ ಹಿಡಿದಿಟ್ಟಿದ್ದಳು ಆಕೆ,
ಯಾಕೆಂದು ಯಾರೂ ಕೇಳಲಿಲ್ಲ.

ಅಂಗಡಿಯ ಮಾಲೀಕ ಅಬು ಗಾಫ್, ಜಾತಿಯಲ್ಲಿ ಜಿನ್.
ನೂರು ವರ್ಷ ವಾಸವಿದ್ದ ಮರ ಹೋದ ಬೇಸಿಗೆ ಒಣಗಿತು,
ಅಂದಿನಿಂದ ದಿರ್ಹಮ್ ಮುಟ್ಟುವುದಿಲ್ಲ.
"ತಿಂಗಳಿಗೆ ಏಳು ತೊಟ್ಟು ನೆರಳು, ಸಬೂರಾ."

ಸೋಸಿ ನೋಡಿದ್ದೀರಾ ನೆರಳನ್ನು?
ಅಸರ್ ಬಾಂಗಿನ ಹೊತ್ತು ಮಿನಾರದ ತುದಿಯಿಂದ ಒಂದಷ್ಟು ಕೆರೆದೆ,
ಮಂಜಿಯ ಹಾಯಿಯ ಕೆಳಗಿಂದ ಎರಡು ಬೊಗಸೆ.
ಕಡಲಹಕ್ಕಿಯದು ಬಗ್ಗುವಷ್ಟರಲ್ಲಿ ದಾಟಿಹೋಯಿತು.
ಮೊದಲ ಪಾಕ ಕೆಟ್ಟಿತು, ಆಡಿನದೂ ಸೇರಿಬಿಟ್ಟಿತ್ತು;
ಬಿರಡೆ ತೆಗೆದರೆ ಸೀಸೆಯೇ ಮ್ಯಾ ಅನ್ನುವಂಥ ನಾತ.
ಉರಿ ಹೆಚ್ಚಿದರೆ ನೆರಳು ಹೊಗೆ,
ತಗ್ಗಿದರೆ ಬರೀ ಮಸಿ.
ನಡುವೆ ಕೂದಲೆಳೆಯಷ್ಟು ಜಾಗ,
ಅಲ್ಲಿ, ತಣ್ಣಗೆ, ಹುಣಸೆಬೀಜದ ಬಣ್ಣದಲ್ಲಿ
ಒಂದು ತೊಟ್ಟು.

ಇಪ್ಪತ್ತೊಂಬತ್ತನೆಯ ರಾತ್ರಿಗೆ ಏಳು ತುಂಬಿತು.
ವಿಮ್ಟೋ ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿ, ಮೊಸರಿನ ಹಿಂದೆ.

ಬೆಳಿಗ್ಗೆ ಡಾಂಬರಿನವರು ನೀರು ಕೇಳಿ ಬಂದರು:
ದೇವದುರ್ಗದ ಹುಸೇನಪ್ಪ, ಸಿಲ್ಹೆಟ್ಟಿನ ಇಬ್ಬರು,
ಹೆಸರು ಹೇಳದ ಒಬ್ಬ ಹುಡುಗ.
ಹುಡುಗನ ತುಟಿ ಸುಟ್ಟ ಹಪ್ಪಳ.
ನೀರು ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು.
ಕಡದ ಪುಸ್ತಕದಲ್ಲಿ ಬರೆದುಕೊಂಡೆ:
ನಾಲ್ಕು ತೊಟ್ಟು. ವಾಯಿದೆ ಇಲ್ಲ.

ಅಬು ಗಾಫ್ ಬಂದದ್ದು ನಡುಮಧ್ಯಾಹ್ನಕ್ಕೆ.
ವರ್ಷಕ್ಕೊಮ್ಮೆ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಂತು
ಕಂಬ, ಕತ್ತೆ, ಖರ್ಜೂರದ ಮರ
ತಂತಮ್ಮ ನೆರಳನ್ನು ಕಾಲಡಿ ಮಡಚಿಟ್ಟುಕೊಳ್ಳುವ ದಿನ.
ಬೇಕೆಂದೇ ಬಂದ. ಕೈಗಡ ತರೋಣವೆಂದರೂ
ಊರಲ್ಲಿ ನೆರಳಿರಲಿಲ್ಲ.
ಬಾಟಲಿಯನ್ನು ಬೆಳಕಿಗೆ ಹಿಡಿದು ಎಣಿಸಿದ.
"ಮೂರು."
ಪುಸ್ತಕ ತಿರುಗಿಸಿ ತೋರಿಸಿದೆ.
ಓದಲು ಬಾರದು ಅವನಿಗೆ. ಕಿಟಕಿ ತೋರಿಸಿದೆ.

ರಸ್ತೆ ಬದಿಯಲ್ಲಿ, ಮರವಿಲ್ಲದೆ, ಮರದ ನೆರಳು.
ಗಾಳಿಯಿಲ್ಲದೆಯೂ ಎಲೆಯೆಲೆಯಾಗಿ ಅಲುಗುತ್ತಿತ್ತು.
ಯಾವ ಮರದ್ದನ್ನೂ ನಾನು ಕೆರೆದಿರಲಿಲ್ಲ, ಆಣೆ.
ಅದರೊಳಗೆ ನಾಲ್ವರು, ಬಾಯಿ ತೆರೆದು ನಿದ್ದೆ.

ಬಹಳ ಹೊತ್ತು ನೋಡಿದ. ಮಾತಿಲ್ಲದೆ ಇಳಿದುಹೋದ.
ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು,
ಹುಡುಗನ ಹೆಲ್ಮೆಟ್ಟನ್ನು ಒಂದಿಷ್ಟು ಸರಿಸಿ
ಪಾದ ಎರಡನ್ನೂ ಒಳಗಿಟ್ಟುಕೊಂಡ.
ಅಲ್ಲಿಂದಲೇ ಕೂಗಿದ:
"ಬರುವ ತಿಂಗಳಿಂದ ಒಂಬತ್ತು!"

ನಾನು ಬಿರುಕುಬಿಟ್ಟ ಮೂಸೆಗೆ
ಮಣ್ಣು ಮೆತ್ತತೊಡಗಿದೆ.