ಸುಟ್ಟ ಬದನಿಕಾಯಿ ಸಿಪ್ಪಿ

ಬೆಟಗೇರಿ ನೇಕಾರ ಸೊಸೈಟಿಯ ಹಿಂದಿನ ಕೋಣೆ.
ಸೀರೆಯ ಗಂಜಿ ವಾಸನೆ ಕೀಬೋರ್ಡಿಗೂ ಹತ್ತಿದೆ.
ವರ್ಷದ ಲೆಕ್ಕ ತೆಗೆದಾಗ ಗೊತ್ತಾಯಿತು,
ನಾವು ಒಂಬತ್ತು ನಮೂನೆ ಹಸಿರು ಮಾರಿದ್ದೇವೆ:
ಹಸಿರು, ಹಸರು, ಹಸುರು, ಹಸ್ರು,
ಗಿಣಿಹಸಿರು, ಗಿಳಿಹಸಿರು, ಬರೀ ಗಿಣಿ,
ಹಸಿರೆಂದೇ ಬರೆದು ಕೊನೆಗೊಂದು ಖಾಲಿ ಜಾಗ ಒತ್ತಿದ್ದು,
ಆಮೇಲೆ ಯಾರದೋ ಅವಸರದ ಬೆರಳಿನ 'ಹಸಿವು'.

ಚೇರಮನ್ ತುಳಜಾಸಾ ಕನ್ನಡಕ ಹಣೆಗೇರಿಸಿದರು.
"ಹಸಿವು ಎಷ್ಟು ಮಾರೇವಿ?"
"ಎರಡು ಸೀರಿ, ಸರ."
ನಗಲಿಲ್ಲ ಅವರು.
"ಒಂದು ಬಾಣದ ಗುರುತು ಹಾಕಿಬಿಡವಾ.
ಒತ್ತಿದ್ರ ಹೆಸರು ಕೆಳಗ ಇಳೀಬೇಕು,
ಅದರಾಗs ಆರಿಸ್ಕೋಬೇಕು. ಬರಿಯೂದು ಬಂದ್."

ಹಾಕಿದೆ.
ಎರಡನೇ ಹಾಳೆಯಲ್ಲಿ ಒಂದರ ಕೆಳಗೊಂದು
ಇಪ್ಪತ್ಮೂರು ಬಣ್ಣ ಕೂಡ್ರಿಸಿದೆ, ಕಾಗುಣಿತ ತಿದ್ದಿ, ತಲೆ ಬಾಚಿ.
ಡೇಟಾ, ವ್ಯಾಲಿಡೇಶನ್, ಲಿಸ್ಟ್.
ಎ ಒಂದರಿಂದ ಎ ಇಪ್ಪತ್ಮೂರರ ತನಕ ಡಾಲರ್ ಚಿಹ್ನೆ ಬಡಿದೆ,
ಹಾಸು ಜಾರದಂತೆ ಗೂಟ ಬಡಿದ ಹಾಗೆ.
ದಡಿಗೆ ಬೇರೆ ಪಟ್ಟಿ: ಗೋಮಿ, ಗಾಡಿ, ಚಿಕ್ಕಿ ಪರಾಸ.
ಒಡಲಿಗೆ ಬೇರೆ: ರಾಸ್ತಾ, ಚೌಕಡಿ, ಕೊಂಡಿಚಿಕ್ಕಿ.
ಆಮೇಲೆ ಆ ಎರಡನೇ ಹಾಳೆಯನ್ನು ಮರೆಮಾಡಿದೆ,
ಯಾರೂ ಕೈಯಾಡಿಸದಿರಲೆಂದು.

ಎರಡು ದಿನ ಅದೇ ಆಟ.
ಒತ್ತಿದರೆ ಅಂಗಡಿಯ ಷಟರ್ ಎಳೆದಂತೆ ಬಣ್ಣ ಇಳಿಯುತ್ತವೆ,
ಬಿಟ್ಟರೆ ಒಂದೇ ಉಳಿಯುತ್ತದೆ.

ಸೋಮವಾರ ಅಂಬುಬಾಯಿ ಬಂದಳು,
ಹಳೇ ಧೋತರದಲ್ಲಿ ಸುತ್ತಿದ ಸೀರೆ, ಒಂದೇ.
"ಬಣ್ಣ ಹೇಳ್ರಿ."
"ಸುಟ್ಟ ಬದನಿಕಾಯಿ ಸಿಪ್ಪಿ."

ಬಿಚ್ಚಿದಳು. ಹೌದು.
ಮೇಲೆ ಕಪ್ಪು, ಮಡಿಕೆ ಮುರಿದಲ್ಲಿ ನೇರಳೆ,
ಕಿಟಕಿಯ ಬೆಳಕು ಬಿದ್ದಲ್ಲಿ ಮಾತ್ರ
ಕೆಂಡ ಮುಟ್ಟಿ ಸಿಡಿದಂಥ ಒಂದು ಕಂದು.

ಅಕ್ಷರ ಬಿಡದೆ ಒತ್ತಿದೆ.
ಟಣ್ ಅಂದಿತು. ಕೆಂಪು ಗುಣಾಕಾರ.
"ಏನಂತೈತಿ ಅದು?"
"ಈ ಬಣ್ಣ ಪಟ್ಟಿಯೊಳಗ ಇಲ್ಲ ಅಂತೈತಿ."
"ಯಾರ ಪಟ್ಟಿ?"
ಸ್ವಲ್ಪ ಹೊತ್ತು ಬಾಣವನ್ನೇ ನೋಡಿದೆ.
"ನಂದs."
ಅವಳು ನಕ್ಕಳು, ಪಾಪ, ನನ್ನ ಪರವಾಗಿ.

"ನೇರಳೆ ಅಂತ ಹಾಕ್ಲ್ಯಾ?"
"ನೇರಳೆ ಅಂದ್ರ ನಾಲಗಿಗೆ ಹತ್ತೂದು, ಇದು ಕೈಗೆ ಹತ್ತೂದು."
ಕೈ ತೋರಿಸಿದಳು. ಉಗುರಿನ ಬುಡದಲ್ಲಿ ಇನ್ನೂ ಇತ್ತು.
"ಕಪ್ಪು ಕಾಸಿದ ಗಡಗಿ ತೊಳೀಲಿಲ್ಲ ನೋಡು,
ಅದರಾಗs ಇನ್ನೊಂದು ಸುರುವಿದ್ವಿ. ಬೆಂಕಿ ಸಣ್ಣಗಾತು.
ಇನ್ನೊಮ್ಮೆ ಮಾಡಂದ್ರ ಆಗಂಗಿಲ್ಲ."

ಮರೆಮಾಡಿದ ಹಾಳೆ ತೆರೆದು
ಇಪ್ಪತ್ನಾಲ್ಕನೇ ಮನೆಯಲ್ಲಿ ಅದನ್ನು ಬರೆದೆ.
ಬಾಣ ಒತ್ತಿದರೆ ಬರಲಿಲ್ಲ.
ನಾನೇ ಬಡಿದ ಗೂಟದ ಆಚೆ ನಿಂತಿತ್ತು,
ಮೆಟ್ಟು ಬಿಟ್ಟು ಹೊಸ್ತಿಲ ಹೊರಗೆ ನಿಂತವರ ಹಾಗೆ.
ಗೂಟ ಒಂದು ಮನೆ ಸರಿಸಬಹುದಿತ್ತು.
ಆದರೆ ಇದ್ದದ್ದು ಒಂದೇ ಸೀರೆ;
ನಾಳೆ ಯಾರೋ ಅವಸರದಲ್ಲಿ ಅದನ್ನೇ ಆರಿಸಿದರೆ
ಇಲ್ಲದ ಬಣ್ಣ ನಾಲ್ಕು ಸೀರೆ ಮಾರಿರುತ್ತೇವೆ.

ಅಳಿಸಿದೆ.
ಅದೇ ಪೆಟ್ಟಿಗೆಯ ಮೂರನೇ ಕದ ತೆಗೆದೆ,
ತಪ್ಪಿದರೆ ಏನನ್ನಬೇಕು ಎಂಬ ಕದ.
'ನಿಲ್ಲು' ಎಂದಿದ್ದನ್ನು 'ತಿಳಿಸು' ಮಾಡಿ
ಕೆಳಗಿನ ಖಾಲಿಯಲ್ಲಿ ಬರೆದೆ:
'ಇದು ಪಟ್ಟಿಯಲ್ಲಿಲ್ಲ.
ತಂದವರನ್ನು ಕೂಡ್ರಿಸು. ಸೀರೆ ಬಿಸಿಲಿಗೆ ಹಿಡಿ.
ಅವರು ಹೇಳಿದ್ದನ್ನೇ ಬರಿ.'

ಈ ಸಲ ಟಣ್ ಅನ್ನಲಿಲ್ಲ, ಮೆಲ್ಲಗೆ ಕೇಳಿತು.
ಹೂಂ ಅಂದೆ. ಕೂತಿತು.

ರಶೀದಿ ಹರಿದು ಕೊಟ್ಟೆ.
ಓದಲು ಬಾರದ ಅಂಬುಬಾಯಿ
ಬಾಗಿಲಿಗೆ ಹೋಗಿ ಅದನ್ನೂ ಬಿಸಿಲಿಗೆ ಹಿಡಿದಳು,
ಹಿಂದೆ ಮುಂದೆ ತಿರುವಿದಳು,
"ನಿಮ್ಮ ಕಪ್ಪು ಯಾಕೋ ತೆಳುವಾಗೇತಿ," ಅಂದಳು,
"ಇನ್ನೊಂದು ಕುದಿ ಬೇಕಿತ್ತು."