ಮೂರು ದಿನ ಮುಂಚೆ

ಮೊದಲ ಸಲ ಬಂದಾಗ ಅಂಬಾಸಾ
ಗುಳಿಗಿ ಕೇಳಲಿಕ್ಕೂ ನಾಚಿದ್ದ.
ಗುಳೇದಗುಡ್ಡದ ಕುಣಿಮಗ್ಗದೊಳಗೆ
ಮೂವತ್ತು ವರ್ಷ ಕಾಲಿಳಿಬಿಟ್ಟು ಕೂತವನ ಬೆನ್ನು,
ಬಾಗಲಕೋಟೆಯಲ್ಲಿ ಕೊಯ್ದು ಹೊಲಿದಿದ್ದರು.
ಚೀಟಿಯಲ್ಲಿ ಟ್ರಾಮಾಡೋಲ್.
'ಅರ್ಧ ಮುರದು ತಗೊಂಡ್ರ ನಡೀತೈತೇನ್ರಿ ಅಕ್ಕಾರ?'

ಆ ಅರ್ಧ ಗುಳಿಗೆಯನ್ನೇ ಈಗ ಹುಡುಕುತ್ತಿದ್ದೇನೆ
ರಿಜಿಸ್ಟರಿನ ಹಾಳೆಗಳಲ್ಲಿ.

ಹದಿನೆಂಟಕ್ಕೆ ತೀರಬೇಕಾದದ್ದು
ಹದಿನೈದಕ್ಕೇ ತೀರಿತು. ಬಚ್ಚಲಕ್ಕೆ ಬಿತ್ತಂತೆ.
ಮತ್ತೊಮ್ಮೆ, ಮೊಮ್ಮಗಳು ಆಟಕ್ಕೆ ಒಯ್ದಳಂತೆ.
ಮತ್ತೊಮ್ಮೆ ಕಾರಣವನ್ನೂ ತರಲಿಲ್ಲ,
ಕೌಂಟರಿನ ಗಾಜಿನ ಮೇಲೆ ಚೀಟಿ ಇಟ್ಟು
ಮೂಗು ತುರಿಸುತ್ತ ನಿಂತ.
ಹತ್ತು ಎಂದು ಬರೆದಲ್ಲಿ ಒಂದಕ್ಕೆ
ಬೇರೆ ಶಾಯಿಯ ಕೊಂಬು ಮೂಡಿ
ನಲವತ್ತಾಗಿತ್ತು.
ಹತ್ತನ್ನೇ ಕೊಟ್ಟೆ,
ಕೊಂಬು ಕಾಣದವಳ ಹಾಗೆ.

ಕರೆಂಟು ಹೋದ ಒಂದು ಸಂಜೆ.
ಮೇಣದಬತ್ತಿಯಾಚೆ ಅವನ ಮುಖ.
ಕತ್ತಲಿಗೆ ಅರಳಬೇಕಾದ ಕಣ್ಣಪಾಪೆ
ಸಾಸಿವೆಗಿಂತ ಸಣ್ಣಗೆ ಮುದುಡಿತ್ತು.
'ಬ್ಯಾನಿ ಹೆಂಗೈತಿ?' ಅಂದೆ.
'ಬ್ಯಾನಿ ಇಲ್ರಿ,' ಅಂದ.
ನಾಲಗೆ ಕಚ್ಚಿಕೊಂಡ.
'ಐತ್ರಿ. ಭಾಳ ಐತಿ.'

ಹೆಂಡತಿ ಸರಸೂಬಾಯಿ ಬಂದಳು ಇಸಬಗೋಲಿಗೆ:
'ನಾಕ ದಿನಾತ್ರಿ ಹೊಟ್ಟಿ ಕಟ್ಟಿ,
ಮಗ್ಗದಾಗ ಕುಂತಲ್ಲೇ ತೂಕಡಸ್ತಾರ.
ಗುಳಿಗಿ ತಡ ಆದ್ರ ಮೈಯೆಲ್ಲಾ ಬೆವರು, ಮಾರಿ ಮ್ಯಾಲ ಸಿಟ್ಟು.
ಇದೂ ಬೆನ್ನಿಂದನs ಏನ್ರಿ?'
ಪುಡಿ ಕೊಟ್ಟೆ. ಉತ್ತರ ಕೊಡಲಿಲ್ಲ.

ನನ್ನ ಕುಬಸಕ್ಕೆ ತವರಿನವರು ತಂದ ಖಣ
ಅವನ ಕೈಯದು. ಹದಿನಾರು ವರ್ಷ,
ಪೆಟ್ಟಿಗೆಯಲ್ಲಿ ಇನ್ನೂ ಒಂದು ಬುಟ್ಟಾ ಜರುಗಿಲ್ಲ.
ಮೊನ್ನೆ ಪಕ್ಕದ ಅಂಗಡಿಯಲ್ಲಿ ಹೊಸ ಖಣ ಬಿಚ್ಚಿದರು.
ಅಂಚಿನ ಹತ್ತಿರ ಎಳೆ ಬಿಟ್ಟು
ಸಾಲೇ ವಾಲಿತ್ತು.
'ಯಾರ ಮಗ್ಗದ್ದು?' ಕೇಳಲಿಲ್ಲ.
ಕೇಳುವ ಅಗತ್ಯವಿರಲಿಲ್ಲ.

ಗಿರಾಕಿ ಹೋದಾನೆಂಬ ಭಯವಲ್ಲ,
ಪಟ್ಟಿಗೆ ಉಳಿಯುವ ಹನ್ನೊಂದು ರೂಪಾಯಿಯ ಆಸೆಯೂ ಅಲ್ಲ.
ಒಂದು ಮಾತು, ಬಾಯಿಗೆ ಬಂದದ್ದು,
ಇಷ್ಟು ಒಳ್ಳೆಯ ಮನುಷ್ಯನಿಗೆ ಹೇಗೆ ಅನ್ನಲಿ?
ಅದಕ್ಕೇ ಕೊಟ್ಟೆ.
ಐದು ತಿಂಗಳು, ನನ್ನದೇ ಅಕ್ಷರ, ನನ್ನದೇ ಸಹಿ.

ಇವತ್ತು ಮತ್ತೆ ಬಂದಿದ್ದಾನೆ, ಮೂರು ದಿನ ಮುಂಚೆ.
ಕೌಂಟರಿನ ಬಾಗಿಲು ಎತ್ತಿ
'ಒಳಗ ಬಂದು ಕುಂದರ್ರಿ' ಅಂದೆ.
'ಕಳ್ಳ ಅಂತ ಕರದೀರೇನ್ರಿ?'
'ಇಲ್ರಿ. ಒಮ್ಮೆಲೇ ಬಿಡಂತನೂ ಅನ್ನೂದಿಲ್ಲ.
ಡಾಕ್ಟರ್‌ಗೆ ಹೇಳೂಣು, ಇಬ್ಬರೂ ಕೂಡೇ.
ನಂದೂ ಹೇಳೂದೈತಿ.'

ಕೂತಿದ್ದಾನೆ, ಬಾಗಿಲ ಕಡೆ ಮುಖ.
ಅವನ ಬೆರಳು ಗಾಜಿನ ಮೇಲೆ
ಲಾಳಿಯಂತೆ ಅತ್ತ, ಇತ್ತ.
ಚಹಾಕ್ಕೆ ಕೆನೆ ಕಟ್ಟಿದೆ.
ಬಾಗಲಕೋಟೆಯಲ್ಲಿ ಫೋನು ಬಡಿದುಕೊಳ್ಳುತ್ತಿದೆ,
ಯಾರೂ ಎತ್ತಿಲ್ಲ
ಇನ್ನೂ.