ಮೂರು ಚಳಿಗಾಲದ ಸೌದೆ

ಆಲೂಗಡ್ಡೆ ಬೀದಿಯಿಂದ ಹೊರಟೆವು.
ನಗಬೇಡಿ, ತಾರ್ತುವಿನಲ್ಲಿ ಹಾಗೊಂದು ಕೇರಿ ಇದೆ,
ಬಟಾಣಿ ಬೀದಿ, ಅವರೆ ಬೀದಿ,
ಕೇರಿಗೇ ಸಾರಿನ ಕೇರಿ ಅಂತ ಹೆಸರು.
ಏಳು ಕೋಣೆಯ ಮರದ ಮನೆ,
ಗೋಡೆಯೊಳಗೆ ಮೊಣಕಾಲುದ್ದ ಹತ್ತಿದ ನದಿಯ ತೇವ,
ಮಾಡು ರಿಪೇರಿಗೆ ಹೇಳಿದ ದುಡ್ಡಿನಲ್ಲಿ
ಇನ್ನೊಂದು ಮನೆಯೇ ಬರುತ್ತಿತ್ತು.
ಬಂತು ಕೂಡ: ಐದನೇ ಮಹಡಿ, ಲಿಫ್ಟ್ ಇಲ್ಲ,
ನಲವತ್ತೆಂಟು ಚದರ ಮೀಟರಿಗೆ ನಾಲ್ಕು ಜನ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಅಳತೆಪಟ್ಟಿ ಹಿಡಿದು ಹೋಗಿ ನೋಡಿದರೆ
ಹಾಸಿಗೆಯೇ ಬಾಗಿಲೊಳಗೆ ಹಿಡಿಸುವುದಿಲ್ಲ.

ಮೂರು ತಿಂಗಳು ವಿಂಗಡಿಸಿದೆವು.
ಇಡೋದು, ಕೊಡೋದು, ಎಸೆಯೋದು.
ನಾಲ್ಕನೆಯ ಗುಡ್ಡೆಯೊಂದು ತಾನಾಗಿ ಬೆಳೆಯಿತು,
ನಾಳೆ ನೋಡೋಣ ಅನ್ನುವುದು;
ಕೊನೆಗೆ ಅದೇ ಎಲ್ಲಕ್ಕಿಂತ ಎತ್ತರ.
ನೆಲಮಾಳಿಗೆಯಲ್ಲಿ ಉಪ್ಪಿನಕಾಯಿಯ ಖಾಲಿ ಜಾಡಿ ನೂರಾ ಹನ್ನೆರಡು.
ಮುಚ್ಚಳ ಮುನ್ನೂರು. ಒಂದೂ ಸರಿಹೊಂದದು.
ಮಗಳು ರೀಲಿಕಾಗೆ ಒಂದೇ ಪೆಟ್ಟಿಗೆ ಅಂದೆವು;
ಅವಳು ಹೋಗಿ ಫ್ರಿಜ್ಜು ಬಂದ ಪೆಟ್ಟಿಗೆ ತಂದಳು.

ಅತ್ತೆ ಹೆಲ್ಯು ಮಾತ್ರ ಕುರ್ಚಿಯಲ್ಲಿ ಕೂತು
ಎತ್ತಿ ತೋರಿಸಿದ್ದಕ್ಕೆಲ್ಲ "ಬಿಸಾಡು" ಅನ್ನುತ್ತಿದ್ದಳು.
ಮದುವೆಯ ಲಿನನ್? ಬಿಸಾಡು.
ಗಂಡನ ಮೀನಿನ ಗಾಳಗಳು? ಕೊಡು ಯಾರಿಗಾದರೂ.
ನಾನು ಲಿನನ್ ಎದೆಗವಚಿಕೊಂಡು ನಿಂತೆ,
ಸೊಸೆ ಅಳುವುದು, ಅತ್ತೆ ಎಸೆಯುವುದು,
ಇಂಥದು ಯಾವ ಮನೆಯಲ್ಲಿ ನಡೆದೀತು?

ಆಗ ಹೇಳಿದಳು, ದನಿ ಏರಿಸದೆ:
"ನಲವತ್ತೊಂಬತ್ತರ ಮಾರ್ಚಿನಲ್ಲಿ
ಬಾಗಿಲು ಬಡಿದವರು ಕೊಟ್ಟದ್ದು ಒಂದು ಗಂಟೆ.
ನಿಮಗೆ ಮೂರು ತಿಂಗಳೂ ಸಾಲದು.
ಅಮ್ಮ ಹೊಲಿಗೆ ಯಂತ್ರದ ತಲೆ ಬಿಚ್ಚಿ ತಂದಳು,
ಸೈಬೀರಿಯಾದಲ್ಲಿ ಅದು ಎಂಟು ವರ್ಷ ಅನ್ನ ಹಾಕಿತು.
ಅಪ್ಪ ಗೋಡೆ ಗಡಿಯಾರ ತಂದ.
ಎರಡು ಮೂಟೆ ಆಲೂಗಡ್ಡೆಗೆ ಹೋಯಿತು.
ನಾನು ಆರರವಳು, ಬೆಕ್ಕು ತಂದೆ.
ರೈಲು ಹತ್ತುವ ಮುಂಚೆ ಅದು ಇಳಿದು ಹೋಯಿತು.
ಜಾಣ ಬೆಕ್ಕು."

ಆಮೇಲೆ ಕೆಲಸ ಚುರುಕಾಯಿತು ಅಂತೇನಿಲ್ಲ.
ಲಿನನ್ ಇಟ್ಟುಕೊಂಡೆ, ಮಡಿಕೆ ಎರಡು ಕಡಿಮೆ.

ಉಳಿದದ್ದು ಸೌದೆ.
ಐವಾರ್ ಸೀಳಿ ಒಟ್ಟಿದ ಬರ್ಚ್, ಕೊಟ್ಟಿಗೆ ತುಂಬ,
ಮೂರು ಚಳಿಗಾಲಕ್ಕಾಗುವಷ್ಟು;
ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಇಷ್ಟು ಯಾವತ್ತೂ ಇರಲಿಲ್ಲ.
ಹೊಸ ಮನೆಗೆ ಶಾಖ ಕೊಳವೆಯಲ್ಲಿ ಬರುತ್ತದೆ,
ಒಲೆಯೂ ಇಲ್ಲ, ಬೂದಿಯೂ ಇಲ್ಲ.
ಪಕ್ಕದ ಎಂಡೆಲ್ ತಳ್ಳುಗಾಡಿ ತಂದ,
ಇಪ್ಪತ್ತು ಸಲ ಹೋದ, ಇಪ್ಪತ್ತು ಸಲ ಬಂದ.
ಐವಾರ್ ಒಂದೊಂದನ್ನೂ ಕೈಯಿಂದ ಕೈಗೆ ದಾಟಿಸಿದ,
ತೊಗಟೆ ಮೇಲಿರಲಿ, ಗಾಳಿ ಬಿಡು,
ಈ ಸಾಲು ಜನವರಿಗೆ, ಇದು ಇನ್ನೂ ಹಸಿ,
ಹೆಣ್ಣು ಕೊಟ್ಟವನ ಹಾಗೆ
ಮಾತು ಮುಗಿಸಲಾರದೆ ನಿಂತ.

ಹೊಸ ಮನೆಯ ಮೊದಲ ರಾತ್ರಿ
ನಾಲ್ವರೂ ನೆಲದ ಮೇಲೆ, ತಲೆಗೆ ತಲೆ ತಾಕುವಷ್ಟು ಹತ್ತಿರ.
ಏಳು ಕೋಣೆಯಲ್ಲಿ ನನಗೆ ತಿಳಿದೇ ಇರಲಿಲ್ಲ,
ಅತ್ತೆ ನಿದ್ದೆಯಲ್ಲಿ ಎಣಿಸುತ್ತಾಳೆ,
ಒಂದು, ಎರಡು, ಹನ್ನೊಂದರ ತನಕ, ಮತ್ತೆ ಒಂದರಿಂದ.

ಎರಡೂವರೆ ಗಂಟೆಗೆ ಢಪ್ಪೆಂದು ಸಿಡಿದ ಸದ್ದು.
ಎದ್ದು ಕೂತೆವು. ಕೆಳಗಿನವರು ಕೊಳವೆ ಕುಟ್ಟಿದರು.
ಹೆಲ್ಯು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು.

ದೀಪ ಹಾಕಿದರೆ, ಹೀಟರಿನ ಮಗ್ಗುಲಲ್ಲಿ,
ಐವಾರ್ ಕೋಟಿನಡಿ ಕದ್ದು ತಂದ ಒಂದು ಕೊರಡು.
ಹಸಿಯದು. ಬಿಸಿಗೆ ನಡುವೆ ಸೀಳು ಬಿಟ್ಟಿದೆ.
ಯಾರೂ ಏನೂ ಕೇಳಲಿಲ್ಲ.
ಅತ್ತೆ ಬಗ್ಗಿ, ಸೀಳಿಗೆ ಮೂಗಿಟ್ಟು ಮೂಸಿ ನೋಡಿದಳು,
ಇಡೋದು ಅನ್ನಲಿಲ್ಲ, ಬಿಸಾಡು ಅನ್ನಲಿಲ್ಲ,
ಕಾಲಿನಿಂದ ಒಂದು ಗೇಣು ಆಚೆ ಸರಿಸಿದಳು,
ಹೀಟರಿನಿಂದ ದೂರಕ್ಕೆ.